ಒಳ್ಳೆಯ ಯಜಮಾನರು

"ಪತ್ರಿಕೆ ಆತನದು, ಆತನಿಷ್ಟ. ಇದರಲ್ಲಿ ನಮ್ಮ ನಿಮ್ಮ ಗಂಟೇನು ಹೋಯಿತು ಮೇಡಂ?" ಎಂದರು ನಮ್ಮ ಶಾಲೆಯ ಗಣಿತದ ಮೇಷ್ಟ್ರು.

2024ರ ಅಕ್ಟೋಬರ್ ತಿಂಗಳ ಕೊನೆ. ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಹನ್ನೊಂದು ದಿನ ಉಳಿದಿರುವಾಗ ಅಲ್ಲಿನ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ, ಈ ಸಲ ತಾನು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ ಎಂದು ಪ್ರಕಟಿಸಿತ್ತು. ಸಂಪಾದಕೀಯ ಬಳಗದವರು ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸುವ ಲೇಖನವನ್ನು ಆಗಲೇ ಬರೆದಿಟ್ಟುಕೊಂಡಿದ್ದರು. ಅದು ಅಚ್ಚಾಗದಂತೆ ತಡೆದವರು ಪತ್ರಿಕೆಯ ಒಡೆಯ ಜೆಫ್ ಬೆಜೋಸ್ ಎಂದು ಅದೇ ಪತ್ರಿಕೆಯ ವರದಿಗಾರರು ಬರೆದಿದ್ದರು. ಸ್ಟಾಫ್ ರೂಮಿನಲ್ಲಿ ಬಿಡುವಿನ ಅವಧಿಯಲ್ಲಿ ಮಾತು ಅದರ ಮೇಲೆ ಹೊರಳಿತು. ಮೇಷ್ಟ್ರ ಮಾತಿಗೆ ನಾನು ಬಾಯಿ ತೆಗೆಯುವುದರೊಳಗೆ ಇಂಗ್ಲಿಷ್ ಪಾಠ ಮಾಡುವ ಕಿರಿಯ ಸಹೋದ್ಯೋಗಿ ನನ್ನ ಪರವಾಗಿ ಎದ್ದು ನಿಂತಳು. ಆ ಪತ್ರಿಕೆಯ ಹಳೆಯ ಒಡತಿ ಕ್ಯಾಥರಿನ್ ಗ್ರಹಾಂ ಅವರ ಮೇಲೆ ಬಂದ ಸಿನಿಮಾವನ್ನು ಅವಳು ನೋಡಿದ್ದಳು. "ಆಯಮ್ಮ ಇದ್ದಿದ್ದರೆ ಹೀಗಾಗುತ್ತಿತ್ತಾ ಸಾರ್? ಪತ್ರಿಕೆಗೆ ಅಂಥ ಒಳ್ಳೆಯ ಯಜಮಾನರು ಬೇಕು" ಎಂದಳು.

ಮೇಷ್ಟ್ರಿಗೆ ಆವತ್ತೇ ಉತ್ತರ ಕೊಟ್ಟೆ. ಆದರೆ ನನ್ನ ಪಕ್ಷ ವಹಿಸಿದವಳ ಮಾತೇ ನನಗೆ ಮುಳ್ಳಿನಂತೆ ಚುಚ್ಚಿಕೊಂಡು ಉಳಿಯಿತು. ಅವಳ ಮಾತು ಮೇಷ್ಟ್ರ ಮಾತಿಗಿಂತ ಹೆಚ್ಚು ಅಪಾಯದ್ದು ಎಂದು ನನಗೆ ಅನ್ನಿಸಿದೆ. ಏಕೆಂದರೆ ಅದು ಒಳ್ಳೆಯ ಮಾತಿನಂತೆ ಕೇಳುತ್ತದೆ.

'ಯಜಮಾನರು' ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. ಆಸ್ತಿಯ ಒಡೆಯನೂ ಯಜಮಾನ, ಕೈಹಿಡಿದ ಗಂಡನೂ ಯಜಮಾನ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಬಳವನ್ನು ಕವರಿನಲ್ಲಿಟ್ಟು ಕೊಡುತ್ತಿದ್ದರು. ಅದನ್ನು ಹಾಗೆಯೇ ತಂದು ಮನೆಯವರ ಕೈಗೆ ಕೊಡುವುದು ನಮ್ಮ ಮನೆಯ ರೂಢಿ. ಬಸ್ ಚಾರ್ಜಿಗೆ, ಸೀರೆಗೆ, ತವರಿಗೆ ಹೋಗುವುದಕ್ಕೆ ನಾನು ಅವರನ್ನು ಕೇಳಬೇಕಾಗಿತ್ತು. ಅವರು ಒಂದು ಸಲವೂ ಇಲ್ಲ ಎಂದವರಲ್ಲ. "ನಿನ್ನ ಪುಣ್ಯ ಕಣೆ, ಯಜಮಾನರು ಒಳ್ಳೆಯವರು, ಕೇಳಿದರೆ ಕೊಡ್ತಾರೆ" ಎಂದು ನೆರೆಮನೆಯವರು ಹೇಳುತ್ತಿದ್ದರು. ನಾನೂ ಹಾಗೆಂದೇ ನಂಬಿದ್ದೆ. ದುಡಿದವಳು ನಾನು, ಕೇಳಬೇಕಾದವಳೂ ನಾನು ಎಂಬುದು ತಲೆಗೆ ಹೋಗಲು ಕೆಲವು ವರ್ಷ ಬೇಕಾಯಿತು. ವಾಷಿಂಗ್ಟನ್ ಪೋಸ್ಟಿನ ಚರಿತ್ರೆಯನ್ನು ಕೂತು ಓದಿದಾಗ ಇದೇ ಕಥೆ ಅಲ್ಲಿ ದೊಡ್ಡದಾಗಿ ನಡೆದದ್ದನ್ನು ಕಂಡೆ.

ಪತ್ರಿಕೆಯನ್ನು 1877ರ ಡಿಸೆಂಬರಿನಲ್ಲಿ ಶುರುಮಾಡಿದವರು ಸ್ಟಿಲ್ಸನ್ ಹಚಿನ್ಸ್ ಎಂಬ ಪತ್ರಕರ್ತ. ಹನ್ನೆರಡು ವರ್ಷ ನಡೆಸಿ 1889ರಲ್ಲಿ ಅವರು ಅದನ್ನು ಮಾರಿದರು. ಕೊಂಡವರು ಇಬ್ಬರು ಪಾಲುದಾರರು, ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮೊಕ್ರಾಟ್. ಆ ವರ್ಷವೇ ಪತ್ರಿಕೆ ಶಾಲಾಮಕ್ಕಳಿಗೊಂದು ಪ್ರಬಂಧ ಸ್ಪರ್ಧೆ ನಡೆಸಿತು. ಬಹುಮಾನ ವಿತರಣೆಯ ದಿನಕ್ಕೆಂದು ಜಾನ್ ಫಿಲಿಪ್ ಸೂಸಾ ಕಟ್ಟಿಕೊಟ್ಟ ಬ್ಯಾಂಡ್ ಸಂಗೀತ ಪತ್ರಿಕೆಯ ಹೆಸರನ್ನು ಲೋಕವೆಲ್ಲ ತಿರುಗಿಸಿತು. 1905ರಲ್ಲಿ ಅದು ಜಾನ್ ಮೆಕ್ಲೀನ್ ಎಂಬ ಶ್ರೀಮಂತರ ಕೈಗೆ ಬಂತು. ಇವರಿಗೆ ತಮ್ಮ ಮಗ ನೆಡ್ ಮೇಲೆ ನಂಬಿಕೆ ಇರಲಿಲ್ಲ. ಅವನ ಕೈಗೆ ಕೊಟ್ಟರೆ ಪತ್ರಿಕೆ ಉಳಿಯುವುದಿಲ್ಲವೆಂದು ಅದನ್ನೊಂದು ಟ್ರಸ್ಟಿಗೆ ಒಪ್ಪಿಸಿ 1916ರಲ್ಲಿ ತೀರಿಕೊಂಡರು. ಮಗ ಕೋರ್ಟಿಗೆ ಹೋಗಿ ಆ ಏರ್ಪಾಡನ್ನು ಮುರಿಸಿ ತಾನೇ ಒಡೆಯನಾದ.

ಈ ನೆಡ್ ಮೆಕ್ಲೀನ್ ಅಧ್ಯಕ್ಷ ಹಾರ್ಡಿಂಗ್ ಅವರ ಆಪ್ತ ಗೆಳೆಯ. ಇವನೂ ಹೆಂಡತಿಯೂ ಹೋಪ್ ಎಂಬ ಪ್ರಸಿದ್ಧ ವಜ್ರವನ್ನು ಕೊಂಡವರು. ಹಾರ್ಡಿಂಗ್ ಕಾಲದಲ್ಲಿ ಸರ್ಕಾರಿ ಎಣ್ಣೆ ನೆಲಗಳನ್ನು ಗುಟ್ಟಾಗಿ ಗುತ್ತಿಗೆ ಕೊಟ್ಟು ಲಂಚ ತಿಂದ 'ಟೀಪಾಟ್ ಡೋಮ್' ಹಗರಣ ಹೊರಬಿತ್ತು. ಮಂತ್ರಿ ಆಲ್ಬರ್ಟ್ ಫಾಲ್ ಕೈಯಲ್ಲಿದ್ದ ಒಂದು ಲಕ್ಷ ಡಾಲರ್ ಎಲ್ಲಿಂದ ಬಂತೆಂದು ಕೇಳಿದಾಗ, ನಾನೇ ಸಾಲ ಕೊಟ್ಟೆ ಎಂದು ಹೇಳಿದವನು ಈ ಪತ್ರಿಕೆಯ ಒಡೆಯ. ಅದು ಸುಳ್ಳೆಂದು ಆಮೇಲೆ ಅವನೇ ಒಪ್ಪಿಕೊಳ್ಳಬೇಕಾಯಿತು. ರಾಜಧಾನಿಯ ಪತ್ರಿಕೆಯೊಂದು ಇಂಥ ಹಗರಣವನ್ನು ಬಯಲಿಗೆಳೆಯಬೇಕು. ಇಲ್ಲಿ ಅದರ ಒಡೆಯನೇ ಹಗರಣಕ್ಕೆ ಸುಳ್ಳುಸಾಕ್ಷಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಕೊನೆಗೆ ಪತ್ರಿಕೆ ದಿವಾಳಿಯೆದ್ದು, 1933ರ ಜೂನ್ 1ರಂದು ತನ್ನದೇ ಕಟ್ಟಡದ ಮೆಟ್ಟಿಲ ಮೇಲೆ ಹರಾಜಾಯಿತು.

ಹರಾಜಿನಲ್ಲಿ ವಕೀಲರೊಬ್ಬರ ಮೂಲಕ ಹೆಸರು ಹೇಳದೆ ಕೂಗಿ, 8,25,000 ಡಾಲರಿಗೆ ಕೊಂಡವರು ಯೂಜೀನ್ ಮೇಯರ್ ಎಂಬ ಬ್ಯಾಂಕರ್. ನಾಲ್ಕು ವರ್ಷದ ಹಿಂದೆ ಇದೇ ಪತ್ರಿಕೆಗೆ 50 ಲಕ್ಷ ಡಾಲರ್ ಕೊಡಲು ಮುಂದೆ ಬಂದಿದ್ದವರು. ಇವರು ವರ್ಷಗಟ್ಟಲೆ ನಷ್ಟ ತಿಂದು ಪತ್ರಿಕೆಯನ್ನು ಕಟ್ಟಿದರು. 1935ರಲ್ಲಿ ಪತ್ರಿಕೆ ನಡೆಯಬೇಕಾದ ರೀತಿಗೆ ಏಳು ಸೂತ್ರಗಳನ್ನು ಬರೆದು ಪ್ರಕಟಿಸಿದರು. ಪತ್ರಿಕೆಯ ಕರ್ತವ್ಯ ಓದುಗರಿಗೆ ಮತ್ತು ಸಮಾಜಕ್ಕೆ ಸಲ್ಲಬೇಕು, ಒಡೆಯರ ಸ್ವಂತ ಹಿತಕ್ಕಲ್ಲ ಎಂಬುದು ಅವುಗಳಲ್ಲಿ ಒಂದು. ಸತ್ಯಕ್ಕಾಗಿ ಬೇಕಾದರೆ ಹಣದ ನಷ್ಟಕ್ಕೂ ಸಿದ್ಧವಿರಬೇಕು ಎಂಬುದು ಇನ್ನೊಂದು. ಮಾತು ದೊಡ್ಡದು, ಬರೆದವರೂ ಪ್ರಾಮಾಣಿಕರು. ಆದರೆ ಆ ಸೂತ್ರಗಳನ್ನು ಒಡೆಯನೇ ಮುರಿದರೆ ಕೇಳುವವರು ಯಾರು ಎಂಬ ಎಂಟನೆಯ ಸೂತ್ರವನ್ನು ಅವರು ಬರೆಯಲಿಲ್ಲ. ನನ್ನ ತಕರಾರೆಲ್ಲ ಆ ಬರೆಯದೆ ಬಿಟ್ಟ ಸೂತ್ರದ ಮೇಲೆ.

ಮೇಯರ್ ಅವರಿಗೆ ಕ್ಯಾಥರಿನ್ ಎಂಬ ಮಗಳಿದ್ದಳು. ಓದಿದವಳು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರದಿಗಾರ್ತಿಯಾಗಿ ದುಡಿದವಳು, ಅಪ್ಪನ ಪತ್ರಿಕೆಯಲ್ಲೂ ಕೆಲಸ ಮಾಡಿದವಳು. 1940ರಲ್ಲಿ ಅವಳ ಮದುವೆ ಫಿಲಿಪ್ ಗ್ರಹಾಂ ಎಂಬ ಚುರುಕು ವಕೀಲರ ಜೊತೆ ಆಯಿತು. 1946ರಲ್ಲಿ ಮೇಯರ್ ವಿಶ್ವಬ್ಯಾಂಕಿನ ಮೊದಲ ಅಧ್ಯಕ್ಷರಾಗಿ ಹೋಗುವಾಗ ಪತ್ರಿಕೆಯ ಪ್ರಕಾಶಕರನ್ನಾಗಿ ಕೂರಿಸಿದ್ದು ಅಳಿಯನನ್ನು. 1948ರಲ್ಲಿ ಅಧಿಕಾರದ ಷೇರುಗಳನ್ನು ಹಂಚುವಾಗ ಅಳಿಯನಿಗೆ 3,500, ಮಗಳಿಗೆ 1,500. ಯಾವ ಗಂಡಸೂ ಹೆಂಡತಿಯ ಕೈಕೆಳಗೆ ದುಡಿಯುವ ಸ್ಥಿತಿ ಬರಬಾರದು ಎಂದು ಅಪ್ಪ ಕಾರಣ ಹೇಳಿದರಂತೆ. ಇದನ್ನು ಕ್ಯಾಥರಿನ್ ಅವರೇ 1997ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಗ ತನಗೂ ಅದು ಸರಿಯೆಂದೇ ಕಂಡಿತ್ತು ಎಂದೂ ಬರೆದಿದ್ದಾರೆ. ಅದನ್ನು ಓದಿ ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಓದುಗರಿಗಾಗಿ ಏಳು ಸೂತ್ರ ಬರೆದ ಒಡೆಯರು ಪತ್ರಿಕೆಯನ್ನು ಮನೆ ಅಳಿಯನಿಗೆ ಬಳುವಳಿ ಕೊಟ್ಟಂತೆ ಕೊಟ್ಟಿದ್ದರು. ಓದುಗರನ್ನು ಕೇಳಲಿಲ್ಲ, ಪತ್ರಕರ್ತರನ್ನು ಕೇಳಲಿಲ್ಲ, ಮಗಳಿಗೂ ಕಾರಣ ತಿಳಿಸಿದರೇ ಹೊರತು ಅವಳನ್ನು ಕೇಳಲಿಲ್ಲ.

ಫಿಲಿಪ್ ಕೆಟ್ಟವರೇ? ಅಲ್ಲ. 1954ರಲ್ಲಿ ಎದುರಾಳಿ ಪತ್ರಿಕೆ 'ಟೈಮ್ಸ್-ಹೆರಾಲ್ಡ್' ಅನ್ನು ಮಾವ ಅಳಿಯ ಸೇರಿ ಕೊಂಡ ಮೇಲೆ ಪೋಸ್ಟ್ ಭದ್ರವಾಯಿತು. 1961ರಲ್ಲಿ ಅವರು 'ನ್ಯೂಸ್‌ವೀಕ್' ವಾರಪತ್ರಿಕೆಯನ್ನೂ ಕೊಂಡರು. ಅವರ ಒಳ್ಳೆಯತನದ್ದೇ ಒಂದು ಉದಾಹರಣೆ ಹೇಳುತ್ತೇನೆ. 1949ರಲ್ಲಿ ವಾಷಿಂಗ್ಟನ್ನಿನ ಈಜುಕೊಳಗಳಿಗೆ ಕಪ್ಪು ಜನರು ಬಂದರೆಂದು ಬಿಳಿಯರು ದೊಡ್ಡ ಗಲಭೆ ಎಬ್ಬಿಸಿದರು. ಬೆನ್ ಬ್ರಾಡ್ಲಿ ಎಂಬ ಎಳೆಯ ವರದಿಗಾರರು ಕಣ್ಣಾರೆ ಕಂಡದ್ದನ್ನು ಬರೆದು ತಂದರು. ಮಾರನೆಯ ದಿನ ಅದು ಒಳಪುಟದಲ್ಲಿ, ಗಲಭೆಯೆಂಬ ಪದವೂ ಇಲ್ಲದೆ, ಸಪ್ಪೆಯಾಗಿ ಬಂತು. ಬ್ರಾಡ್ಲಿ ಸಿಟ್ಟಾದರು. ಆಮೇಲೆ ತಿಳಿಯಿತು: ಫಿಲಿಪ್ ಸರ್ಕಾರದ ದೊಡ್ಡವರನ್ನು ಕರೆಸಿ, ಕೊಳಗಳನ್ನು ಎಲ್ಲರಿಗೂ ತೆರೆಯುವುದಾಗಿ ಮಾತು ಕೊಡಿ, ಇಲ್ಲವಾದರೆ ಪೂರ್ತಿ ವರದಿ ಮುಖಪುಟಕ್ಕೆ ಬರುತ್ತದೆ ಎಂದು ಒಪ್ಪಂದ ಮಾಡಿಕೊಂಡಿದ್ದರು. ಉದ್ದೇಶ ಉದಾತ್ತವೇ. ಆದರೆ ತಮ್ಮ ಊರಿನಲ್ಲಿ ಏನು ನಡೆಯಿತೆಂದು ತಿಳಿಯುವ ಹಕ್ಕು ಓದುಗನದಾಗಿತ್ತು. ಅದನ್ನು ಒಡೆಯರು ತಮ್ಮ ಚೌಕಾಸಿಗೆ ಬಳಸಿಕೊಂಡರು. ಒಳ್ಳೆಯ ಕೆಲಸಕ್ಕೆ ಸುದ್ದಿ ಮುಚ್ಚಿಡಲು ಬರುವುದಾದರೆ ಕೆಟ್ಟ ಕೆಲಸಕ್ಕೂ ಅದೇ ಬೀಗ, ಅದೇ ಕೀಲಿಕೈ.

ಫಿಲಿಪ್ ಅವರಿಗೆ ಮುಂದೆ ಮನಸ್ಸಿನ ಕಾಯಿಲೆ ಬಲಿಯಿತು. ಬೇರೊಬ್ಬ ಹೆಣ್ಣಿನ ಜೊತೆ ಹೋಗಿ, ಹೆಂಡತಿಯನ್ನು ಬಿಡುತ್ತೇನೆ, ಹೆಚ್ಚಿನ ಷೇರು ನನ್ನದು, ಪತ್ರಿಕೆಯೂ ನನ್ನದು ಎಂದು ನಿಂತರು. ಅಪ್ಪ ಕೊಟ್ಟ ಬಳುವಳಿ ಮಗಳ ಕುತ್ತಿಗೆಗೆ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮವರು ಹೇಳುತ್ತಾರೆ. ಇಲ್ಲಿ ಬಡವಾಗಲಿದ್ದ ಕೂಸು ರಾಜಧಾನಿಯ ಪತ್ರಿಕೆ. 1963ರ ಆಗಸ್ಟಿನಲ್ಲಿ ಫಿಲಿಪ್ ತಮ್ಮ ತೋಟದ ಮನೆಯಲ್ಲಿ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಇದು ದುರಂತ, ಇದರಲ್ಲಿ ಯಾರನ್ನೂ ಹಳಿಯಲಾರೆ. ಆದರೆ ಆ ಪತ್ರಿಕೆ ಕ್ಯಾಥರಿನ್ ಕೈಗೆ ಬಂದದ್ದು ಯಾರದೋ ಯೋಜನೆಯಿಂದಲ್ಲ, ಒಂದು ಸಾವಿನಿಂದ. ಲೋಕ ಕೊಂಡಾಡುವ ಒಳ್ಳೆಯ ಯಜಮಾನಿ ಪತ್ರಿಕೆಗೆ ಸಿಕ್ಕಿದ್ದು ಹೀಗೆ.

ಅವರ ಧೈರ್ಯವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ, ಗಂಡಸರೇ ತುಂಬಿದ ಕೋಣೆಗಳಲ್ಲಿ ಬಾಯಿ ಒಣಗಿಸಿಕೊಂಡು ಕೂತು ಕಲಿತ ಹೆಂಗಸು ಅವರು. ಇದನ್ನು ನನ್ನಂಥವರು ಅರ್ಥಮಾಡಿಕೊಂಡಷ್ಟು ಗಣಿತದ ಮೇಷ್ಟ್ರು ಅರ್ಥಮಾಡಿಕೊಳ್ಳಲಾರರು. 1971ರ ಜೂನ್ 15ರಂದು ಕಂಪನಿಯ ಷೇರುಗಳು ಮೊದಲ ಸಲ ಸಾರ್ವಜನಿಕರಿಗೆ ಮಾರಾಟಕ್ಕೆ ಬಂದವು. ಅದೇ ವಾರ ವಿಯೆಟ್ನಾಂ ಯುದ್ಧದ ಗುಪ್ತ ಕಾಗದಗಳು ಪತ್ರಿಕೆಯ ಕೈಸೇರಿದವು. ಅವನ್ನು ಪ್ರಕಟಿಸಲು ಶುರುಮಾಡಿದ್ದ 'ನ್ಯೂಯಾರ್ಕ್ ಟೈಮ್ಸ್' ಮೇಲೆ ಕೋರ್ಟು ಆಗಲೇ ತಡೆ ಹಾಕಿತ್ತು. ಪ್ರಕಟಿಸಿದರೆ ಷೇರು ಮಾರಾಟವೇ ಮುರಿದುಬೀಳಬಹುದು, ಟಿ.ವಿ. ಕೇಂದ್ರಗಳ ಪರವಾನಗಿ ಹೋಗಬಹುದು ಎಂಬ ಭಯವಿತ್ತು. ಬೇಡ ಎಂಬುದೇ ವಕೀಲರ ಸಲಹೆ. ಸಂಪಾದಕರಾಗಿದ್ದ ಅದೇ ಬ್ರಾಡ್ಲಿ ಬೇಕೆಂದು ಹಟ ಹಿಡಿದರು. ಮನೆಯಲ್ಲಿ ಅತಿಥಿಗಳ ನಡುವೆ ಇದ್ದ ಕ್ಯಾಥರಿನ್ ಫೋನಿನಲ್ಲಿ ಎಲ್ಲರ ಮಾತು ಕೇಳಿ, ಪ್ರಕಟಿಸಿ ಎಂದರು. ಜೂನ್ 18ರಂದು ವರದಿ ಬಂತು. ಜೂನ್ 30ರಂದು ಸುಪ್ರೀಂ ಕೋರ್ಟು ಆರು–ಮೂರರ ಬಹುಮತದಿಂದ ಪತ್ರಿಕೆಗಳ ಪರ ತೀರ್ಪಿತ್ತಿತು.

ಮರುವರ್ಷ ವಾಟರ್‌ಗೇಟ್. ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಎಂಬ ಇಬ್ಬರು ಎಳೆಯ ವರದಿಗಾರರು ಕಳ್ಳತನದ ಚಿಕ್ಕ ಸುದ್ದಿಯಿಂದ ಹೊರಟು ಅಧ್ಯಕ್ಷ ನಿಕ್ಸನ್ ಅವರ ಮನೆಬಾಗಿಲ ತನಕ ಹೋದರು. ಅಟಾರ್ನಿ ಜನರಲ್ ಆಗಿದ್ದ ಜಾನ್ ಮಿಚೆಲ್ ಫೋನಿನಲ್ಲಿ ಕ್ಯಾಥರಿನ್ ಬಗ್ಗೆ ಆಡಿದ ಬೆದರಿಕೆಯ ಮಾತು ಎಂಥದೆಂದರೆ, ಹೆಣ್ಣಿನ ಮೈಯನ್ನು ಹಿಡಿದು ಆಡಿದ ಆ ಮಾತನ್ನು ನಾನು ಇಲ್ಲಿ ಬರೆಯಲಾರೆ. ಗಂಡಸು ಒಡೆಯನಾಗಿದ್ದರೆ ಬೆದರಿಕೆ ಜೇಬಿಗೆ ಬರುತ್ತಿತ್ತು. ಹೆಂಗಸಾದದ್ದರಿಂದ ಮೈಗೆ ಬಂತು. ಜೇಬನ್ನೂ ಬಿಡಲಿಲ್ಲ. ಫ್ಲಾರಿಡಾದಲ್ಲಿದ್ದ ಕಂಪನಿಯ ಟಿ.ವಿ. ಕೇಂದ್ರಗಳ ಪರವಾನಗಿಗೆ ತಕರಾರು ಅರ್ಜಿಗಳು ಬಿದ್ದವು, ಷೇರಿನ ಬೆಲೆ ಕುಸಿಯಿತು. ಅವರು ಜಗ್ಗಲಿಲ್ಲ. 1974ರ ಆಗಸ್ಟಿನಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟರು.

ಇಷ್ಟನ್ನು ತಲೆಬಾಗಿ ಒಪ್ಪಿದ ಮೇಲೆ ಎರಡು ಮಾತು ಹೇಳಬೇಕು. ಷೇರು ಮಾರಿದರು ಎಂದೆನಲ್ಲ, ಆ ಷೇರುಗಳಲ್ಲಿ ಎರಡು ಜಾತಿ. ಆಡಳಿತ ಮಂಡಳಿಯ ಬಹುಪಾಲನ್ನು ಆರಿಸುವ 'ಎ' ಷೇರುಗಳು ಮನೆಯವರ ಬಳಿಯೇ ಉಳಿದವು. ಜನಕ್ಕೆ ಮಾರಿದ್ದು 'ಬಿ' ಷೇರುಗಳನ್ನು. ಹಣ ಊರವರದು, ಕೀಲಿಕೈ ಮನೆಯವರದು. ಎರಡನೆಯದು, 1975ರ ಅಕ್ಟೋಬರಿನಲ್ಲಿ ಮುದ್ರಣಯಂತ್ರದ ಕೆಲಸಗಾರರು ಮುಷ್ಕರ ಹೂಡಿದರು. ಹೊರಡುವಾಗ ಯಂತ್ರಗಳನ್ನು ಹಾಳುಗೆಡವಿ, ಮೇಸ್ತ್ರಿಯನ್ನು ಹೊಡೆದು ಹೋದರು. ಇದನ್ನು ಯಾರೂ ಸಮರ್ಥಿಸಲಾರರು. ಆದರೆ ಮುಗಿಯುವ ಹೊತ್ತಿಗೆ ಹೊಸಬರು ಬಂದು ಹಳಬರು ಹೊರಗೆ ಉಳಿದರು, ಅವರ ಸಂಘವೇ ಅಲ್ಲಿಂದ ಅಳಿಸಿಹೋಯಿತು. ವರದಿಗಾರರಿಗೆ ಒಳ್ಳೆಯವರಾಗಿದ್ದ ಯಜಮಾನರು ಅಚ್ಚಿನ ಕೆಲಸಗಾರನಿಗೆ ಹೇಗೆ ಕಂಡಿರಬಹುದು? ಒಳ್ಳೆಯತನ ಎಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಕ್ಯಾಥರಿನ್ 2001ರಲ್ಲಿ ತೀರಿಕೊಂಡರು. ಮಗ ಡೊನಾಲ್ಡ್ ಮುಂದುವರಿಸಿದರು. ಜಾಹೀರಾತು ಅಂತರ್ಜಾಲಕ್ಕೆ ಹರಿದುಹೋಗಿ ಆದಾಯ ವರ್ಷದಿಂದ ವರ್ಷಕ್ಕೆ ಇಳಿಯಿತು. 2013ರ ಆಗಸ್ಟ್ 5ರಂದು, ಪತ್ರಿಕೆಯನ್ನು ಅಮೆಜಾನ್ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ ಅವರಿಗೆ 25 ಕೋಟಿ ಡಾಲರಿಗೆ ಮಾರುತ್ತಿರುವುದಾಗಿ ಗ್ರಹಾಂ ಮನೆತನ ತಿಳಿಸಿತು. ಎಂಬತ್ತು ವರ್ಷ ಒಂದೇ ಮನೆತನದಲ್ಲಿದ್ದ ಪತ್ರಿಕೆಯ ಷೇರುಗಳು ಸಾರ್ವಜನಿಕ ಪೇಟೆಯಲ್ಲಿದ್ದವು. ಈಗ ಅದು ಒಬ್ಬ ವ್ಯಕ್ತಿಯ ಖಾಸಗಿ ಸೊತ್ತಾಯಿತು.

ಆಗ ಎಲ್ಲರೂ ಹೇಳಿದ್ದು ಅದೇ ಮಾತು: ಪುಣ್ಯ, ಒಳ್ಳೆಯ ಯಜಮಾನರು ಸಿಕ್ಕರು. ಸುಳ್ಳೂ ಆಗಿರಲಿಲ್ಲ. ಕೊಂಡ ದಿನವೇ ಅವರು ಸಿಬ್ಬಂದಿಗೆ ಬರೆದ ಪತ್ರದಲ್ಲಿ, ಪತ್ರಿಕೆಯ ಕರ್ತವ್ಯ ಓದುಗರಿಗೇ ಹೊರತು ಒಡೆಯನ ಹಿತಕ್ಕಲ್ಲ ಎಂಬ ಮೇಯರ್ ಸೂತ್ರವನ್ನು ತಾವಾಗಿ ನೆನೆದಿದ್ದರು. ಹಣ ಹಾಕಿದರು, ಹೊಸ ಪತ್ರಕರ್ತರನ್ನು ತೆಗೆದುಕೊಂಡರು, ಸುದ್ದಿಯಲ್ಲಿ ಕೈಯಾಡಿಸಲಿಲ್ಲ. ಇರಾನಿನಲ್ಲಿ ಸೆರೆಯಲ್ಲಿದ್ದ ವರದಿಗಾರ ಜೇಸನ್ ರೆಜಾಯನ್ 2016ರಲ್ಲಿ ಬಿಡುಗಡೆಯಾದಾಗ ಸ್ವತಃ ತಮ್ಮ ವಿಮಾನದಲ್ಲಿ ಹೋಗಿ ಕರೆತಂದರು. ಅಂಕಣಕಾರ ಜಮಾಲ್ ಖಶೋಗಿ ಅವರನ್ನು 2018ರಲ್ಲಿ ಇಸ್ತಾಂಬುಲ್‌ನ ಸೌದಿ ದೂತಾವಾಸದಲ್ಲಿ ಕೊಂದಾಗ ಪತ್ರಿಕೆ ಬೆನ್ನು ಹತ್ತಿ ಬರೆಯಿತು, ಒಡೆಯರು ತಡೆಯಲಿಲ್ಲ. ಹತ್ತು ವರ್ಷ ಹೀಗೆ ನಡೆಯಿತು.

ಆಮೇಲೆ ಒಂದು ದಿನ ಮನಸ್ಸು ಬದಲಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಅಧ್ಯಕ್ಷೀಯ ಅಭ್ಯರ್ಥಿಯನ್ನು ಪತ್ರಿಕೆ ಬೆಂಬಲಿಸಲೇಬೇಕೆಂಬ ಶಾಸ್ತ್ರವೇನೂ ಇಲ್ಲ. ಪೋಸ್ಟ್ ಪತ್ರಿಕೆ ಅದನ್ನು ರೂಢಿ ಮಾಡಿಕೊಂಡದ್ದು 1976ರಿಂದ. 1988ರಲ್ಲಿ ಯಾರನ್ನೂ ಬೆಂಬಲಿಸಲಿಲ್ಲ. ಪತ್ರಿಕೆಗಳ ಮೇಲೆ ಜನರಿಗೆ ನಂಬಿಕೆ ಹೋಗಿದೆ, ಇಂಥ ಬೆಂಬಲದಿಂದ ಪಕ್ಷಪಾತದ ಅನುಮಾನ ಬರುತ್ತದೆ ಎಂದು ಬೆಜೋಸ್ ಬರೆದದ್ದರಲ್ಲೂ ತಿರುಳಿದೆ. ಆದರೆ ಆ ಜ್ಞಾನೋದಯ ಎರಡು ವರ್ಷ ಮೊದಲು ಆಗಬಹುದಾಗಿತ್ತು. ಚುನಾವಣೆಗೆ ಹನ್ನೊಂದು ದಿನ ಇರುವಾಗ, ಬರೆದಿಟ್ಟ ಲೇಖನವನ್ನು ಬದಿಗಿಡಿಸಿ, ಸಂಪಾದಕೀಯ ಬಳಗದ ಮಾತಿಗೆ ಬೆಲೆಯಿಲ್ಲದಂತೆ ಮಾಡಿ ಹೇಳಿದ ತತ್ತ್ವವನ್ನು ಯಾರು ನಂಬುತ್ತಾರೆ? ಅವರ ರಾಕೆಟ್ ಕಂಪನಿಗೂ ಅಮೆಜಾನಿಗೂ ಸರ್ಕಾರದ ದೊಡ್ಡ ದೊಡ್ಡ ಗುತ್ತಿಗೆಗಳಿವೆ. ಪ್ರಕಟಣೆ ಬಂದ ದಿನವೇ ರಾಕೆಟ್ ಕಂಪನಿಯ ಮುಖ್ಯಸ್ಥರು ಟ್ರಂಪ್ ಅವರನ್ನು ಕಂಡಿದ್ದರು. ಅದು ತಮಗೆ ಗೊತ್ತಿರಲಿಲ್ಲ, ಎರಡಕ್ಕೂ ಸಂಬಂಧವಿಲ್ಲ ಎಂದರು ಬೆಜೋಸ್. ಇದ್ದರೂ ಇರಬಹುದು. ಆದರೆ ಇಂಥ ಅನುಮಾನಗಳ ವಿಷಯದಲ್ಲಿ ನಾನು ಪತ್ರಿಕೆಗೆ ಆದರ್ಶ ಒಡೆಯನಲ್ಲ ಎಂದೂ ಅವರೇ ಬರೆದರು. ನಾನು ಹೇಳುವುದೂ ಅದನ್ನೇ.

ಮುಂದಿನದು ಬೇಗಬೇಗ ನಡೆಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಓದುಗರು ಚಂದಾ ನಿಲ್ಲಿಸಿದರು. 2025ರ ಜನವರಿಯಲ್ಲಿ ವ್ಯಂಗ್ಯಚಿತ್ರಕಾರ್ತಿ ಆನ್ ಟೆಲ್ನೇಸ್ ರಾಜೀನಾಮೆ ಕೊಟ್ಟರು. ಟ್ರಂಪ್ ಮೂರ್ತಿಯ ಮುಂದೆ ಮಂಡಿಯೂರಿದ ಧನಿಕರ ಸಾಲಿನಲ್ಲಿ ತಮ್ಮ ಒಡೆಯರನ್ನೂ ಬರೆದಿದ್ದ ಚಿತ್ರವನ್ನು ಪತ್ರಿಕೆ ನಿರಾಕರಿಸಿತ್ತು. ಆ ವರ್ಷದ ಪುಲಿಟ್ಜರ್ ಬಹುಮಾನ ಆಕೆಗೇ ಬಂತು. ಫೆಬ್ರವರಿಯಲ್ಲಿ ಬೆಜೋಸ್, ಇನ್ನು ಅಭಿಪ್ರಾಯದ ಪುಟಗಳು ವ್ಯಕ್ತಿಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆ ಎಂಬ ಎರಡು ಕಂಬಗಳ ಪರವಾಗಿ ಬರೆಯುತ್ತವೆ, ಅವುಗಳಿಗೆ ವಿರೋಧವಾದುದನ್ನು ಬೇರೆಯವರು ಪ್ರಕಟಿಸಿಕೊಳ್ಳಲಿ ಎಂದು ಸಾರಿದರು. ಆ ಪುಟಗಳ ಸಂಪಾದಕರು ಬಿಟ್ಟುಹೋದರು. ಸ್ವಾತಂತ್ರ್ಯದ ಹೆಸರಿನಲ್ಲಿ ಹೊರಟ ಅಪ್ಪಣೆ! 2026ರ ಫೆಬ್ರವರಿಯಲ್ಲಿ ಸಿಬ್ಬಂದಿಯ ಸುಮಾರು ಮೂರನೆಯ ಒಂದು ಭಾಗವನ್ನು ತೆಗೆದುಹಾಕಿದರು. ಪುಸ್ತಕ ವಿಭಾಗ ಮುಚ್ಚಿತು, ಕ್ರೀಡಾ ವಿಭಾಗ ಮುಚ್ಚಿತು, ವಿದೇಶಗಳ ವರದಿಗಾರರ ಸಂಖ್ಯೆ ಕುಗ್ಗಿತು.

ಈಗ ಗಣಿತದ ಮೇಷ್ಟ್ರ ಪ್ರಶ್ನೆ. ಹಾಕಿದ ಹಣ ಅವರದು, ನಷ್ಟ ತಿನ್ನುವವರೂ ಅವರು, ನಡೆಸುವ ಹಕ್ಕು ಅವರದಲ್ಲವೆ? ನಾನು ಕೇಳಿದೆ: "ಮೇಷ್ಟ್ರೇ, ಅವರು 25 ಕೋಟಿ ಕೊಟ್ಟು ಕೊಂಡದ್ದು ಏನನ್ನು?" ಕಟ್ಟಡವನ್ನಲ್ಲ, ಯಂತ್ರವನ್ನಲ್ಲ, ಅವನ್ನು ಕೊಳ್ಳುವುದಕ್ಕೆ ಬೇರೆ ಅಂಗಡಿಗಳಿವೆ. ಕೊಂಡದ್ದು ಹೆಸರನ್ನು. ಆ ಹೆಸರಿಗೆ ಬೆಲೆ ಬಂದದ್ದು ಹೆದರದೆ ಬರೆದ ವರದಿಗಾರರಿಂದ, ರಾತ್ರಿಯಿಡೀ ಅಚ್ಚು ಹಾಕಿದವರಿಂದ, ಮೂರು ತಲೆಮಾರು ಕಾಸು ಕೊಟ್ಟು ಓದಿ ನಂಬಿದವರಿಂದ. ನಂಬಿಕೆ ಬ್ಯಾಂಕಿನಲ್ಲಿಟ್ಟ ಠೇವಣಿಯ ಹಾಗೆ. ಬ್ಯಾಂಕನ್ನು ಕೊಂಡವನು ಠೇವಣಿಯೂ ನನ್ನದೇ ಎನ್ನಲಾಗುತ್ತದೆಯೆ? ಇಷ್ಟಕ್ಕೆ ಮೇಷ್ಟ್ರು ಸುಮ್ಮನಾದರು.

ಆದರೆ ನನ್ನ ಕಿರಿಯ ಗೆಳತಿಗೆ ಹೇಳಬೇಕಾದದ್ದು ಬೇರೆ. ನೀನು ಬೇಡುತ್ತಿರುವುದು ಇನ್ನೊಬ್ಬ ಒಳ್ಳೆಯ ಒಡೆಯರನ್ನು. ಅವರನ್ನು ತರುವುದು ಎಲ್ಲಿಂದ? ನೂರೈವತ್ತು ವರ್ಷದ ಈ ಚರಿತ್ರೆಯಲ್ಲಿ ಒಳ್ಳೆಯವರು ಬಂದದ್ದೂ ಅದೇ ಬಾಗಿಲಿನಿಂದ, ಕೆಟ್ಟವರು ಬಂದದ್ದೂ ಅದೇ ಬಾಗಿಲಿನಿಂದ: ಹರಾಜು, ಬಳುವಳಿ, ಸಾವು, ಮಾರಾಟ. ಕ್ಯಾಥರಿನ್ ಕೈಯಲ್ಲಿ ಪ್ರಕಟಿಸಿ ಎಂದು ಹೇಳಿಸಿದ ಅಧಿಕಾರವೇ ಬೆಜೋಸ್ ಕೈಯಲ್ಲಿ ಬೇಡ ಎಂದು ಹೇಳಿಸಿತು. ಅಧಿಕಾರ ಬದಲಾಗಲಿಲ್ಲ, ಕೂತವರು ಬದಲಾದರು. ಆವತ್ತು ಅವರು ಬೇಡ ಎಂದಿದ್ದರೂ ಬ್ರಾಡ್ಲಿ ಮಾಡುವಂಥದ್ದೇನೂ ಇರಲಿಲ್ಲ. ಹೆಚ್ಚೆಂದರೆ ರಾಜೀನಾಮೆ ಬರೆದುಕೊಡಬಹುದಿತ್ತು.

ಹಾಗಾದರೆ ಸರ್ಕಾರ ನಡೆಸಬೇಕೆ? ದೇವರು ಕಾಪಾಡಲಿ. 1975ರ ತುರ್ತುಪರಿಸ್ಥಿತಿಯಲ್ಲಿ ನಮ್ಮ ಪತ್ರಿಕೆಗಳ ಮೇಲೆ ಕೂತ ಸೆನ್ಸಾರನ್ನು ನಮ್ಮ ಹಿರಿಯರು ಕಂಡಿದ್ದಾರೆ. ಬೇರೆ ದಾರಿಗಳನ್ನು ಕೆಲವರು ತುಳಿದಿದ್ದಾರೆ. ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಯನ್ನು ಸ್ಕಾಟ್ ಮನೆತನ 1936ರಲ್ಲಿ ಟ್ರಸ್ಟಿಗೆ ಒಪ್ಪಿಸಿತು. ಫ್ಲಾರಿಡಾದ ನೆಲ್ಸನ್ ಪಾಯಿಂಟರ್ 1978ರಲ್ಲಿ ತೀರಿಕೊಂಡಾಗ ತಮ್ಮ ಪತ್ರಿಕೆಯನ್ನು ಪತ್ರಕರ್ತರಿಗೆ ಕಲಿಸುವ ಶಾಲೆಯೊಂದಕ್ಕೆ ಬಿಟ್ಟುಹೋದರು. 'ಫಿಲಡೆಲ್ಫಿಯಾ ಇನ್‌ಕ್ವೈರರ್' ಕೊಂಡಿದ್ದ ಜೆರಿ ಲೆನ್‌ಫೆಸ್ಟ್ 2016ರಲ್ಲಿ ಅದನ್ನು ಲಾಭವಿಲ್ಲದ ಸಂಸ್ಥೆಯೊಂದಕ್ಕೆ ದಾನ ಕೊಟ್ಟರು. ಇವುಗಳಿಗೆ ಹಣದ ಕಷ್ಟವಿಲ್ಲವೆಂದಲ್ಲ, ಇವೂ ಸಿಬ್ಬಂದಿಯನ್ನು ಇಳಿಸಿವೆ. ಆದರೆ ಒಬ್ಬನ ಬೇರೆ ವ್ಯಾಪಾರದ ಭಯಕ್ಕೆ ಇವು ಬಾಯಿ ಮುಚ್ಚಬೇಕಾಗಿಲ್ಲ.

ನಮ್ಮಲ್ಲೂ ಇಂಥ ಪ್ರಯತ್ನವಿತ್ತು. ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ನಡೆದುಬಂದದ್ದು ಲೋಕ ಶಿಕ್ಷಣ ಟ್ರಸ್ಟಿನ ಹೆಸರಿನಲ್ಲಿ. ಪತ್ರಿಕೆಯೂ ಶಿಕ್ಷಣವೇ ಎಂಬ ದೊಡ್ಡ ಮನಸ್ಸು ಆ ಹೆಸರಿನಲ್ಲೇ ಇದೆ. ಆದಾಯ ತೆರಿಗೆಯ ವ್ಯಾಜ್ಯ ದೆಹಲಿಗೆ ಹೋಗಿ, 1975ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣವೆಂದರೆ ಕ್ರಮಬದ್ಧವಾಗಿ ಕಲಿಸುವ ಶಾಲೆಯ ಪಾಠ, ಪತ್ರಿಕೆ ನಡೆಸುವುದು ಶಿಕ್ಷಣವಲ್ಲ ಎಂದು ಹೇಳಿ ವಿನಾಯಿತಿ ನಿರಾಕರಿಸಿತು. ಆ ಟ್ರಸ್ಟಿಗೆ ಟ್ರಸ್ಟಿಯಾಗಿದ್ದವರು ಒಬ್ಬರೇ ಎಂಬುದನ್ನೂ ಕೋರ್ಟು ಗಮನಿಸಿತ್ತು. ಅಂದರೆ ಟ್ರಸ್ಟ್ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ; ಮೆಕ್ಲೀನ್ ಮಗ ಟ್ರಸ್ಟನ್ನೇ ಮುರಿದದ್ದು ಕಂಡೆವಲ್ಲ. ಸಂಪಾದಕನನ್ನು ಯಾರು ನೇಮಿಸುತ್ತಾರೆ, ಯಾರು ತೆಗೆಯಬಲ್ಲರು, ಪತ್ರಕರ್ತರಿಗೂ ಓದುಗರಿಗೂ ಆ ಮೇಜಿನಲ್ಲಿ ಕುರ್ಚಿ ಇದೆಯೆ ಎಂಬುದನ್ನು ಕಾಗದದಲ್ಲಿ ಬರೆದು, ಒಬ್ಬನಿಂದ ಅಳಿಸಲು ಬಾರದಂತೆ ಮಾಡಬೇಕು. ಮೇಯರ್ ಬರೆಯದೆ ಬಿಟ್ಟ ಎಂಟನೆಯ ಸೂತ್ರ ಇದು.

ಓದುಗರಾದ ನಮ್ಮ ಪಾಲೂ ಇದೆ. ಎರಡೂವರೆ ಲಕ್ಷ ಜನ ಚಂದಾ ನಿಲ್ಲಿಸಿದ್ದು ನನಗೆ ಅರ್ಥವಾಗುತ್ತದೆ. ಆದರೆ ಆ ಪೆಟ್ಟು ಒಡೆಯನಿಗೆ ತಾಗುವುದಿಲ್ಲ, ಅವನಿಗೆ ಪತ್ರಿಕೆ ಹೊಟ್ಟೆಪಾಡಲ್ಲ. ಪೆಟ್ಟು ಬೀಳುವುದು ಸಂಬಳಕ್ಕೆ ದುಡಿಯುವ ವರದಿಗಾರನಿಗೆ. ಬಿಟ್ಟು ಹೋಗುವ ಹಕ್ಕೊಂದೇ ಓದುಗನಿಗೆ ಉಳಿದಿದೆಯೆಂದರೆ ಅದು ತವರಿಗೆ ಹೋಗಿ ಕೂರುವ ಹಕ್ಕಿನಂಥದು; ಮನೆಯಲ್ಲಿ ಪಾಲು ಇದ್ದಂತೆ ಆಗುವುದಿಲ್ಲ.

ಕೊನೆಗೆ ನನ್ನ ಸಂಬಳದ ಕವರಿನ ವಿಷಯ. ಕೆಲವು ವರ್ಷದ ಮೇಲೆ ನಾನು ನನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದೆ. ಮನೆಯಲ್ಲಿ ಜಗಳವಾಗಲಿಲ್ಲ. ನಮ್ಮ ಯಜಮಾನರು ಆಗಲೂ ಒಳ್ಳೆಯವರು, ಈಗಲೂ ಒಳ್ಳೆಯವರು. ಆದರೆ ಅಂದಿನಿಂದ ನನ್ನ ಬಸ್ ಚಾರ್ಜು ಅವರ ಒಳ್ಳೆಯತನವನ್ನು ಕಾಯಬೇಕಾಗಿಲ್ಲ. ಇನ್ನು ಮೇಲೆ ಯಾವುದಾದರೂ ಪತ್ರಿಕೆಯನ್ನು ಯಾರೋ ಒಳ್ಳೆಯ ಶ್ರೀಮಂತರು ಕೊಂಡರೆಂದು ಕೇಳಿದರೆ ಸಂತೋಷಪಡಿ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ನಾಳೆ ಅವರ ಮನಸ್ಸು ಬದಲಾದರೆ ಅಡ್ಡ ನಿಲ್ಲುವವರು ಯಾರು? ಯಾರೂ ಇಲ್ಲ ಎಂಬ ಉತ್ತರ ಬಂದರೆ, ಆ ಪತ್ರಿಕೆಯ ಸ್ವಾತಂತ್ರ್ಯ ಕೇಳಿ ಪಡೆಯುವ ಸ್ವಾತಂತ್ರ್ಯ. ಅಂಥದರ ಮೇಲೆ ಮೂವತ್ತು ವರ್ಷದ ಸಂಸಾರವನ್ನೇ ನಡೆಸುವುದು ಕಷ್ಟ. ಒಂದು ದೇಶವನ್ನು ನಡೆಸಲಾಗದು.